ತರಕಾರಿ ಸಾಗಿಸುವ ಹಳೆಯ ವ್ಯಾನು: ರೇಡಿಯೇಟರಿನ ನೀರು ಮತ್ತು ಅದರ ನಿರ್ವಹಣೆ

ಟೊಮೇಟೊ, ಬೀನ್ಸ್, ಎಲೆಕೋಸು ಮೊದಲಾದ ಬೆಳೆಗಳಲ್ಲಿ ಬೀಜ, ಗೊಬ್ಬರ ಮತ್ತು ಔಷಧಿಗೆ ಕೊಡುವ ಗಮನದಲ್ಲಿ ಹತ್ತನೇ ಒಂದು ಪಾಲನ್ನೂ ರೈತರು ಫಸಲು ಹೊತ್ತೊಯ್ಯುವ ವಾಹನಕ್ಕೆ ಕೊಡುವುದಿಲ್ಲ. ಮೂರು ತಿಂಗಳು ಕಾಪಾಡಿದ ಬೆಳೆ ಮೂರು ಗಂಟೆಯ ದಾರಿಯಲ್ಲಿ ಕೆಡಬಹುದು. ತಲಾ 15 ಕಿಲೋ ತೂಗುವ ಎಂಬತ್ತು ಕ್ರೇಟು ಟೊಮೇಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ವ್ಯಾನು ನಡುದಾರಿಯಲ್ಲಿ ಕುದಿದು ನಿಂತಿತೆನ್ನಿ. ಬೆಳಗಿನ ಹರಾಜು ತಪ್ಪುತ್ತದೆ. ಮೇ ತಿಂಗಳ ಬಿಸಿಲಿಗೆ ತಳದ ಕ್ರೇಟುಗಳಲ್ಲಿ ಹಣ್ಣು ಮೆತ್ತಗಾಗಿ ನೀರೊಡೆಯುತ್ತದೆ. ಮರುದಿನ ಅದೇ ಮಾಲಿಗೆ ಸಿಗುವ ಬೆಲೆಯೇ ಬೇರೆ. ಇದರ ಮೇಲೆ ಎಂಜಿನ್ನಿನ ಹೆಡ್ ಬಿಚ್ಚಿಸುವ ಖರ್ಚೂ ಬಂದರೆ ಒಂದು ಬೆಳೆಯ ಲಾಭವೆಲ್ಲ ವರ್ಕ್‌ಶಾಪಿನ ಪಾಲಾಗುತ್ತದೆ.

ಬೇಸಾಯ ಶಾಸ್ತ್ರದವನು ವಾಹನದ ವಿಷಯ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಹಳೆಯ ವ್ಯಾನುಗಳು ಕುದಿಯುವುದಕ್ಕೆ ಇರುವ ಕಾರಣಗಳಲ್ಲಿ ಮುಖ್ಯವಾದುದು ಯಂತ್ರಕ್ಕಿಂತ ಹೆಚ್ಚಾಗಿ ನೀರಿಗೆ ಸಂಬಂಧಿಸಿದ್ದು. ಯಾವ ಕೊಳವೆಬಾವಿಯ ನೀರು ಹೊಲದಲ್ಲಿ ಹನಿ ನೀರಾವರಿಯ ಡ್ರಿಪ್ಪರುಗಳನ್ನು ಕಟ್ಟಿಸುತ್ತದೆಯೋ ಅದೇ ನೀರು ರೇಡಿಯೇಟರಿನ ಕೊಳವೆಗಳನ್ನೂ ಕಟ್ಟಿಸುತ್ತದೆ. ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡುವವರಿಗೆ ಇದು ತೀರ ಪರಿಚಿತವಾದ ವಿಷಯ.

ನಮ್ಮ ರಾಜ್ಯದ ಹಳ್ಳಿಗಳಲ್ಲಿ ಈಗಲೂ ಓಡುತ್ತಿರುವ ಹಳೆಯ ವ್ಯಾನುಗಳಲ್ಲಿ ಮೆಟಡೋರ್ ಹೆಸರುವಾಸಿಯಾದುದು. ಪುಣೆಯ ಬಜಾಜ್ ಟೆಂಪೊ ಕಂಪನಿ ಇದನ್ನು ತಯಾರಿಸುತ್ತಿತ್ತು. 2005ರಲ್ಲಿ ಆ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಎಂದು ಬದಲಾಯಿತು. ಮೆಟಡೋರ್ ತಯಾರಿಕೆ ನಿಂತು ಬಹಳ ವರ್ಷಗಳಾದರೂ ಸಣ್ಣ ಸರಕು ವ್ಯಾನಿಗೆಲ್ಲ ಮೆಟಡೋರ್ ಎನ್ನುವ ರೂಢಿ ಅನೇಕ ಕಡೆ ಉಳಿದುಕೊಂಡಿದೆ. ಇದರ ಎಂಜಿನ್ನು ಕ್ಯಾಬಿನ್ನಿನ ಒಳಗೆ, ಚಾಲಕನ ಪಕ್ಕದಲ್ಲೇ ಮುಚ್ಚಳದಡಿ ಇರುವುದರಿಂದ ಎಂಜಿನ್ನು ಬಿಸಿಯಾದದ್ದು ಮೊದಲು ಚಾಲಕನ ಮೊಣಕಾಲಿಗೇ ತಿಳಿಯುತ್ತದೆ. ಇಲ್ಲಿ ಹೇಳುವ ಕ್ರಮಗಳು ಮೆಟಡೋರ್ ಅಲ್ಲದೆ ನೀರಿನಿಂದ ತಂಪಾಗುವ ಎಲ್ಲ ಹಳೆಯ ಡೀಸೆಲ್ ವ್ಯಾನು, ಜೀಪು ಮತ್ತು ಟ್ರ್ಯಾಕ್ಟರುಗಳಿಗೂ ಅನ್ವಯಿಸುತ್ತವೆ.

ಶಾಖ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಎಂಜಿನ್ನಿನಲ್ಲಿ ಉರಿದ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಬೀಳುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ವಾಟರ್ ಪಂಪು ನೀರನ್ನು ಎಂಜಿನ್ನಿನ ಗೋಡೆಗಳ ಸುತ್ತ ನೂಕುತ್ತದೆ. ಬಿಸಿಯಾದ ನೀರು ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಸಣ್ಣ ಕೊಳವೆಗಳಲ್ಲಿ ಇಳಿಯುತ್ತ ತಂಪಾಗಿ, ಕೆಳಗಿನ ಪೈಪಿನಿಂದ ಮತ್ತೆ ಪಂಪಿಗೆ ಹೋಗುತ್ತದೆ. ಈ ಸುತ್ತಿನಲ್ಲಿ ಎಲ್ಲಿ ತಡೆಯಾದರೂ ಶಾಖ ಎಂಜಿನ್ನಿನಲ್ಲೇ ಉಳಿಯುತ್ತದೆ.

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಮಂಗಳೂರಿನಂಥ ಸಮುದ್ರಮಟ್ಟದ ಊರಿಗೆ ಸರಿ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಒಂದು ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಿ ತೆರೆದ ಪಾತ್ರೆಯ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಚಾರ್ಮಾಡಿ ಘಟ್ಟವಿಳಿದು ಕರಾವಳಿಗೆ ತರಕಾರಿ ಒಯ್ಯುವ ವ್ಯಾನು ತಿರುಗಿ ಬರುವಾಗ ತೆಂಗಿನಕಾಯಿಯನ್ನೋ ಒಣಮೀನನ್ನೋ ಹೇರಿಕೊಂಡು ಹತ್ತುತ್ತದೆಯಷ್ಟೆ. ಎಂಜಿನ್ನಿಗೆ ಕೆಲಸ ಹೆಚ್ಚುವ ಏರಿನಲ್ಲೇ ನೀರು ಬೇಗ ಕುದಿಯುವ ಎತ್ತರವೂ ಸಮೀಪಿಸುತ್ತಿರುತ್ತದೆ.

ಈ ಕೊರತೆಯನ್ನು ತುಂಬುವುದು ರೇಡಿಯೇಟರಿನ ಮುಚ್ಚಳ. ಅದನ್ನು ಬರೀ ತಟ್ಟೆ ಎಂದು ತಿಳಿಯಬಾರದು. ಅದರಲ್ಲಿ ಸ್ಪ್ರಿಂಗಿರುವ ಒಂದು ಕವಾಟವಿದ್ದು, ನಿಗದಿಯಾದ ಒತ್ತಡದವರೆಗೆ ನೀರನ್ನು ಅದುಮಿ ಹಿಡಿಯುತ್ತದೆ. ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡ ತಡೆಯುವ ಮುಚ್ಚಳದಿಂದ ಕುದಿಯುವ ಉಷ್ಣತೆ 10–12 ಡಿಗ್ರಿ ಮೇಲೇರುತ್ತದೆ. ಮನೆಯ ಕುಕ್ಕರಿನ ತತ್ತ್ವವೇ ಇದು. ಮುಚ್ಚಳದ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಥವಾ ಕಳೆದುಹೋದ ಮುಚ್ಚಳಕ್ಕೆ ಬದಲಾಗಿ ಬಟ್ಟೆ ಸುತ್ತಿದ ಮರದ ಬಿರಡೆ ತುರುಕಿದ್ದರೆ (ಇದನ್ನೂ ಹಳ್ಳಿಗಳಲ್ಲಿ ಕಾಣಬಹುದು) ಆ ಲಾಭ ಪೂರ್ತಿ ಹೋಯಿತು. ತಯಾರಕರು ಹೇಳಿದ ಒತ್ತಡದ ಮುಚ್ಚಳವನ್ನೇ ಹಾಕಬೇಕು. ಹೆಚ್ಚಿನ ಒತ್ತಡದ್ದು ಇನ್ನೂ ಒಳ್ಳೆಯದೆಂದು ತಂದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ಬಚ್ಚಲ ಹಂಡೆಯೂ ರೇಡಿಯೇಟರೂ

ಬಚ್ಚಲ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟಿರುವುದನ್ನು ಬಯಲುಸೀಮೆಯ ಪ್ರತಿಯೊಂದು ಮನೆಯಲ್ಲೂ ನೋಡಬಹುದು. ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಬೈಕಾರ್ಬೊನೇಟುಗಳು ಕರಗಿರುತ್ತವೆ. ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು, ಕರಗದ ಸುಣ್ಣದ ಕಾರ್ಬೊನೇಟಾಗಿ ಬಿಸಿ ಲೋಹದ ಮೇಲೆ ಕೂರುತ್ತದೆ. ಎಂಜಿನ್ನಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗಗಳೆಂದರೆ ಸಿಲಿಂಡರ್ ಹೆಡ್ಡಿನ ಒಳಗೋಡೆಗಳು. ಅತಿ ಹೆಚ್ಚು ತಂಪು ಬೇಕಾದ ಜಾಗದಲ್ಲೇ ಹಕ್ಕಳೆ ಮೊದಲು ಕಟ್ಟುತ್ತದೆ. ಈ ಹಕ್ಕಳೆ ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ಒಂದು ಮಿಲಿಮೀಟರ್ ದಪ್ಪದ ಸುಣ್ಣದ ಪದರ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪದ ಎರಕದ ಕಬ್ಬಿಣದಷ್ಟು ಶಾಖವನ್ನು ತಡೆಯುತ್ತದೆ. ನೀರು 85 ಡಿಗ್ರಿ ತೋರಿಸುತ್ತಿದ್ದರೂ ಹೆಡ್ಡಿನ ಲೋಹ ಒಳಗೆ ಬೇಯುತ್ತಿರುವುದು ಈ ಕಾರಣದಿಂದ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದ ಕಡೆ 600ರವರೆಗೆ ಒಪ್ಪಬಹುದು. 500 ಮಿಲಿಗ್ರಾಂ ಗಡಸಿನ ನೀರು ಕೋಲಾರ, ಚಿಕ್ಕಬಳ್ಳಾಪುರದ ಆಳದ ಕೊಳವೆಬಾವಿಗಳಲ್ಲಿ ಅಪರೂಪವೇನಲ್ಲ. ಈಗ ಒಂದು ಲೆಕ್ಕ ನೋಡೋಣ. ವ್ಯಾನಿನ ಎಂಜಿನ್ನು ಮತ್ತು ರೇಡಿಯೇಟರ್ ಸೇರಿ 10 ಲೀಟರ್ ನೀರು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಇಂಥ ನೀರನ್ನು ಒಂದು ಸಲ ತುಂಬಿಸಿದರೆ ಒಳಗೆ ಸೇರುವ ಗಡಸು ಲವಣ ಕೇವಲ 5 ಗ್ರಾಂ. ಅಷ್ಟರಿಂದ ಎಂಜಿನ್ನು ಹಾಳಾಗದು. ಆದರೆ ನಮ್ಮ ಚಾಲಕರು ಏನು ಮಾಡುತ್ತಾರೆ? ದಿನಾ ಬೆಳಿಗ್ಗೆ ಮುಚ್ಚಳ ತೆಗೆದು, ನೀರು ಕಂಠದವರೆಗೆ ಕಾಣದಿದ್ದರೆ ಸಮಾಧಾನವಾಗದೆ, ಕೊಡದಿಂದ ತುಂಬಿಸಿಬಿಡುತ್ತಾರೆ. ನೀರು 25ರಿಂದ 95 ಡಿಗ್ರಿಗೆ ಕಾದಾಗ ಸುಮಾರು ನೂರಕ್ಕೆ ಮೂರೂವರೆ ಪಾಲು ಹಿಗ್ಗುತ್ತದೆ. 10 ಲೀಟರಿಗೆ ಇದು ಸುಮಾರು 350 ಮಿಲಿಲೀಟರ್. ಕಂಠದವರೆಗೆ ತುಂಬಿದ್ದಲ್ಲಿ ಅಷ್ಟೂ ನೀರು ಸಣ್ಣ ಕೊಳವೆಯಿಂದ ರಸ್ತೆಗೆ ಹರಿಯುತ್ತದೆ. ಸಂಜೆ ತಣ್ಣಗಾದಾಗ ಅಷ್ಟೇ ಕಡಿಮೆ ಕಾಣುತ್ತದೆ. ಮರುದಿನ ಮತ್ತೆ ಹೊಸ ನೀರು. ವರ್ಷಕ್ಕೆ 300 ದಿನ ಹೀಗೆ ಮಾಡಿದರೆ 105 ಲೀಟರ್ ನೀರಾಯಿತು. ಅದರ ಜೊತೆ ಬಂದ ಲವಣ 50 ಗ್ರಾಮಿಗೂ ಹೆಚ್ಚು. ಒಂದು ಕಡೆ ದಿನಕ್ಕೆ ಒಂದು ಲೀಟರ್ ಸೋರುವ ಪಂಪು ಇದ್ದರೆ ಅದು ವರ್ಷಕ್ಕೆ 150 ಗ್ರಾಂ ಆಗುತ್ತದೆ. ಇದರಲ್ಲಿ ಅರ್ಧವೇ ಒಳಗೆ ಪದರವಾಗಿ ಕೂತರೂ ನಾಲ್ಕಾರು ವರ್ಷದಲ್ಲಿ ರೇಡಿಯೇಟರಿನ ಸಣ್ಣ ಕೊಳವೆಗಳು ಮುಚ್ಚುವುದಕ್ಕೆ ಸಾಕು.

ಹೊಲ ಚೌಳಾಗುವುದೂ ಹೀಗೆಯೇ ಅಲ್ಲವೆ? ಒಂದು ಸಲ ಹಾಯಿಸಿದ ಉಪ್ಪು ನೀರಿನಿಂದ ಹೊಲ ಕೆಡುವುದಿಲ್ಲ. ನೀರು ಆವಿಯಾಗಿ ಉಪ್ಪು ಉಳಿದು, ಮತ್ತೆ ನೀರು ಬಂದು ಮತ್ತೆ ಉಪ್ಪು ಉಳಿದು ಕೆಡುತ್ತದೆ. ಆದುದರಿಂದ ಮೊದಲ ಕೆಲಸ ಒಳ್ಳೆಯ ನೀರು ತರುವುದಲ್ಲ. ಹೊಸ ನೀರು ಹಾಕುವ ಅಗತ್ಯವನ್ನೇ ಕಡಿಮೆ ಮಾಡುವುದು.

ಎಲ್ಲ ಪ್ರದೇಶಗಳ ನೀರಿನ ದೋಷ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಬಾವಿಗಳ ನೀರು ಮೆದುವಾಗಿದ್ದು ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಹಕ್ಕಳೆ ಕಟ್ಟುವುದಿಲ್ಲ. ಆದರೆ ಅದು ಸ್ವಲ್ಪ ಹುಳಿ ಗುಣದ್ದು, ಕಬ್ಬಿಣವನ್ನು ತಿನ್ನುತ್ತದೆ. ಅಲ್ಲಿನ ರೇಡಿಯೇಟರುಗಳಲ್ಲಿ ಸುಣ್ಣದ ಬದಲು ಕೆಂಪು ತುಕ್ಕಿನ ಕೆಸರು ತುಂಬುತ್ತದೆ. ಗದಗ, ವಿಜಯಪುರ ಮುಂತಾದ ಕಡೆಗಳ ಕಪ್ಪುಮಣ್ಣಿನ ಸವಳು ನೀರಿನಲ್ಲಿ ಕ್ಲೋರೈಡು ಹೆಚ್ಚಿದ್ದರೆ ಹಿತ್ತಾಳೆಗೂ ಅಲ್ಯೂಮಿನಿಯಂಗೂ ಕೇಡು. ನಿಮ್ಮ ನೀರು ಯಾವ ಗುಣದ್ದೆಂದು ತಿಳಿಯಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ನೀರಾವರಿ ನೀರಿನ ಪರೀಕ್ಷೆ ಮಾಡಿಸಿದ ಚೀಟಿ ಇದ್ದರೆ ಅದೇ ಸಾಕು. ಹೊಲಕ್ಕೆ ಮಾಡಿಸಿದ ಪರೀಕ್ಷೆ ವ್ಯಾನಿಗೂ ಆಗುತ್ತದೆ.

ಯಾವ ನೀರು ಯೋಗ್ಯ

ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಎಲ್ಲಕ್ಕಿಂತ ಉತ್ತಮ. ಹಲವು ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿದ್ದು, ಕೆಲವೇ ರೂಪಾಯಿಗೆ ಒಂದು ಕ್ಯಾನು ನೀರು ಸಿಗುತ್ತದೆ. ಅದರಲ್ಲಿ ಲವಣ ಬಹಳ ಕಡಿಮೆಯಿರುವುದರಿಂದ ಅದನ್ನು ಧಾರಾಳವಾಗಿ ಉಪಯೋಗಿಸಬಹುದು. ಮಳೆನೀರೂ ಒಳ್ಳೆಯದು. ಮೊದಲ ಮಳೆಯಲ್ಲಿ ಮಾಡಿನ ಧೂಳು ತೊಳೆದುಹೋದ ಮೇಲೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು ಬಟ್ಟೆಯಲ್ಲಿ ಸೋಸಿಡಬೇಕು. ಸಿಮೆಂಟಿನ ತೊಟ್ಟಿಯಲ್ಲಿ ನಿಂತ ಮಳೆನೀರು ಸುಣ್ಣ ಎಳೆದುಕೊಳ್ಳುವುದರಿಂದ ಅದು ಬೇಡ. ಇವು ಯಾವುವೂ ಸಿಗದಿದ್ದಲ್ಲಿ ಕೊಳವೆಬಾವಿ ನೀರನ್ನೇ ಹತ್ತು ಹದಿನೈದು ನಿಮಿಷ ಕುದಿಸಿ, ಒಂದು ರಾತ್ರಿ ಬಿಟ್ಟು, ತಳದ ಬಿಳಿ ಗಸಿ ಅಲುಗದಂತೆ ಮೇಲಿನ ತಿಳಿನೀರು ಬಗ್ಗಿಸಿಕೊಳ್ಳಬೇಕು. ಹಂಡೆಯಲ್ಲಿ ಕೂರುವುದು ಹಂಡೆಯಲ್ಲೇ ಕೂರಲಿ.

ಬರೀ ನೀರಿಗಿಂತ ಕೂಲೆಂಟ್ ಬೆರೆಸಿದ ನೀರು ಮೇಲು. ಚಳಿಗೆ ನೀರು ಹೆಪ್ಪುಗಟ್ಟದ ನಮ್ಮ ಸೀಮೆಗೆ ಕೂಲೆಂಟ್ ಏತಕ್ಕೆ ಎಂದು ಹಲವರು ಕೇಳುತ್ತಾರೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲಿಗಿಂತ ಅದರ ಜೊತೆ ಸೇರಿಸಿರುವ ತುಕ್ಕು ತಡೆಯುವ ರಾಸಾಯನಿಕಗಳು ನಮಗೆ ಮುಖ್ಯ. ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಉಷ್ಣತೆಯೂ ಆರೇಳು ಡಿಗ್ರಿ ಹೆಚ್ಚುತ್ತದೆ. ಆದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬುದು ತಪ್ಪು. ಶಾಖ ಹೊರುವ ಶಕ್ತಿ ಗ್ಲೈಕಾಲಿಗಿಂತ ನೀರಿಗೇ ಹೆಚ್ಚು. ಡಬ್ಬಿಯ ಮೇಲೆ ಹೇಳಿದ ಪ್ರಮಾಣ ಮೀರಬಾರದು. ಅರ್ಧಕ್ಕಿಂತ ಹೆಚ್ಚಂತೂ ನಮ್ಮ ಹವೆಗೆ ಬೇಕಿಲ್ಲ. ಕೆಲವು ಡಬ್ಬಿಗಳಲ್ಲಿ ನೀರು ಬೆರೆಸಿಯೇ ಕೊಟ್ಟಿರುತ್ತಾರೆ, ಅದಕ್ಕೆ ಮತ್ತೆ ನೀರು ಸೇರಿಸಬಾರದು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಜಾತಿ ನಿರ್ಧರಿಸಲಾಗದು. ಬಣ್ಣಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ. ಎರಡು ಬಗೆಗಳನ್ನು ಬೆರೆಸದೆ, ಹಳೆಯದನ್ನು ಪೂರ್ತಿ ಬಸಿದು ಒಂದೇ ಬಗೆಯನ್ನು ಹಾಕಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಕ್ಷೇಮ.

ಹಕ್ಕಳೆ ತೆಗೆಯುವ ವಿಧಾನ

ಮೊದಲು ಮೆಕ್ಯಾನಿಕನ ಕೈಯಲ್ಲಿ ಹಿಮ್ಮುಖವಾಗಿ ತೊಳೆಸಬೇಕು. ಎರಡೂ ಹೋಸ್ ಪೈಪು ಬಿಚ್ಚಿ, ರೇಡಿಯೇಟರಿನ ಕೆಳಗಿನ ಬಾಯಿಂದ ಸಾಧಾರಣ ಒತ್ತಡದ ನೀರು ಹಾಯಿಸಿದರೆ ಮೇಲಿನಿಂದ ತುಕ್ಕು, ಕೆಸರು ಹೊರಬರುತ್ತದೆ. ನೀರು ತಿಳಿಯಾಗುವವರೆಗೆ ಬಿಡಬೇಕು.

ಸುಣ್ಣದ ಹಕ್ಕಳೆ ಬರೀ ನೀರಿಗೆ ಜಗ್ಗುವುದಿಲ್ಲ. ಇದಕ್ಕೆ ಸಿಟ್ರಿಕ್ ಆಮ್ಲ ತಕ್ಕದ್ದು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಹರಳು ಇದೇ. ಲೀಟರ್ ನೀರಿಗೆ 50 ಗ್ರಾಮಿನಂತೆ, ಪದರ ಬಹಳ ದಪ್ಪವಿದ್ದರೆ 100 ಗ್ರಾಮಿನವರೆಗೆ, ಬೆಚ್ಚಗಿನ ನೀರಿನಲ್ಲಿ ಬೇರೆಯಾಗಿ ಕರಗಿಸಿಕೊಂಡು ತುಂಬಬೇಕು. ಎಂಜಿನ್ನು ಚಾಲೂ ಮಾಡಿ ಮೇಲಿನ ಪೈಪು ಬಿಸಿಯಾದ ಮೇಲೆ 15–20 ನಿಮಿಷ ನಿಧಾನವಾಗಿ ಓಡಿಸಿ, ಆರಲು ಬಿಟ್ಟು ಬಸಿಯಬೇಕು. ಆ ಬಳಿಕ ಒಳ್ಳೆಯ ನೀರು ತುಂಬಿ, ಓಡಿಸಿ, ಬಸಿಯುವುದನ್ನು ಕನಿಷ್ಠ ಮೂರು ಸಲ ಮಾಡಬೇಕು. ಆಮ್ಲವನ್ನು ರಾತ್ರಿಯಿಡೀ ಒಳಗೆ ಬಿಡಬಾರದು, ಬೆಸುಗೆಯನ್ನು ತಿನ್ನುತ್ತದೆ. ಕೊನೆಗೆ ಬಸಿದ ನೀರಿಗೆ ರಸಸಾರ ನೋಡುವ ಕಾಗದ ಅದ್ದಿದರೆ ನೀವು ಹಾಕಿದ ನೀರಿಗೆ ಬರುವ ಬಣ್ಣವೇ ಬರಬೇಕು. ಬಾರದಿದ್ದರೆ ಇನ್ನೊಮ್ಮೆ ತೊಳೆಯಿರಿ.

ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಬೇಗ ಆಗುತ್ತದೆಂದು ಸಲಹೆ ಕೊಡುವವರಿದ್ದಾರೆ. ಬೇಗ ಆಗುವುದು ನಿಜ. ಹಕ್ಕಳೆಯ ಜೊತೆ ಬೆಸುಗೆ ಮತ್ತು ಅಲ್ಯೂಮಿನಿಯಂ ಭಾಗಗಳೂ ಹೋಗುತ್ತವೆ. ಕಾಸ್ಟಿಕ್ ಸೋಡವೂ ಅಲ್ಯೂಮಿನಿಯಂಗೆ ಶತ್ರುವೇ.

ಇನ್ನೊಂದು ಮಾತು. ಬಹಳ ಹಳೆಯ ರೇಡಿಯೇಟರು ತೊಳೆದ ಮೇಲೆ ಸೋರಲು ಪ್ರಾರಂಭಿಸಬಹುದು. ತೂತು ಮೊದಲೇ ಇತ್ತು, ಹಕ್ಕಳೆ ಅದನ್ನು ಮುಚ್ಚಿಕೊಂಡಿತ್ತು ಅಷ್ಟೆ. ದಾರಿಯಲ್ಲಿ ಸೋರಿಕೆ ಕಂಡಾಗ ಅರಿಸಿನ ಪುಡಿ ಸುರಿಯುವ ಚಾಲಕರ ಉಪಾಯದಿಂದ ಊರು ಸೇರಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಅದು ತೂತನ್ನು ಮುಚ್ಚುವಂತೆ ಸರಿಯಿರುವ ಕೊಳವೆಗಳನ್ನೂ ಮುಚ್ಚುತ್ತದೆ. ಊರು ಸೇರಿದ ಕೂಡಲೇ ಬೆಸುಗೆ ಹಾಕಿಸಿ ಒಳಗಿನದನ್ನು ತೊಳೆಸದಿದ್ದರೆ ಮುಂದಿನ ಏರಿನಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ.

ಥರ್ಮೋಸ್ಟಾಟ್ ಕಿತ್ತೆಸೆಯಬೇಡಿ

ವ್ಯಾನು ಬಿಸಿಯಾಗುತ್ತದೆ ಎಂದ ಕೂಡಲೇ ರಸ್ತೆ ಬದಿಯ ಮೆಕ್ಯಾನಿಕ್ ಮಾಡುವ ಮೊದಲ ಕೆಲಸ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ನಮ್ಮ ಬಿಸಿಲಿಗೆ ಇದು ಬೇಕಿಲ್ಲ ಎಂಬುದು ಅವನ ವಾದ. ಈ ವಾದ ಎಷ್ಟು ಬೇರೂರಿದೆಯೆಂದರೆ, ಮುಳಬಾಗಿಲು ಕಡೆಯ ಬೆಳೆಗಾರರೊಬ್ಬರು ಎರಡನೇ ಕೈಗೆ ಕೊಂಡ ವ್ಯಾನಿನಲ್ಲಿ ಆ ಭಾಗವೊಂದು ಇರಬೇಕಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಒಂದು ಸಣ್ಣ ಕವಾಟ. ಸಾಮಾನ್ಯವಾಗಿ 80 ಡಿಗ್ರಿಯ ಸುಮಾರಿಗೆ ಮೇಣ ಕರಗಿ ಹಿಗ್ಗಿ ಬಾಯಿ ತೆರೆಯತೊಡಗುತ್ತದೆ, 95 ಡಿಗ್ರಿಯ ಒಳಗೆ ಪೂರ್ತಿ ತೆರೆಯುತ್ತದೆ. ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಪಕ್ಕದ ಅಡ್ಡದಾರಿಯಿಂದ ಎಂಜಿನ್ನಿನಲ್ಲೇ ಸುತ್ತುತ್ತ ಬೇಗ ಹದಕ್ಕೆ ಬರುತ್ತದೆ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಈ ಕವಾಟಕ್ಕೆ ಎರಡು ತಟ್ಟೆಗಳಿರುತ್ತವೆ. ಒಂದು ರೇಡಿಯೇಟರಿನ ದಾರಿ ತೆರೆದಂತೆ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಕಾಲುವೆಯ ತೂಬುಗಳಂತೆ, ಒಂದನ್ನು ಎತ್ತಿದರೆ ಇನ್ನೊಂದನ್ನು ಇಳಿಸಬೇಕು. ಇಂಥ ಎಂಜಿನ್ನಿನಿಂದ ಥರ್ಮೋಸ್ಟಾಟನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಉಳಿಯುತ್ತದೆ. ನೀರು ಸುಲಭದ ದಾರಿ ಹಿಡಿಯುವುದರಿಂದ ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ವಾಪಸಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ನು ತೀರ ತಂಪು, ಏರಿನಲ್ಲಿ ಮೊದಲಿಗಿಂತ ಹೆಚ್ಚು ಬಿಸಿ ಎಂಬ ವಿಚಿತ್ರ ಕಂಡುಬರುವುದು ಇದರಿಂದಲೇ. ತಂಪಾಗಿ ಓಡುವ ಡೀಸೆಲ್ ಎಂಜಿನ್ನು ಹೆಚ್ಚು ಎಣ್ಣೆ ಕುಡಿಯುತ್ತದೆ, ಬಿಳಿ ಹೊಗೆ ಬಿಡುತ್ತದೆ, ಅದರ ಸಿಲಿಂಡರು ಬೇಗ ಸವೆಯುತ್ತದೆ.

ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ಮನೆಯಲ್ಲೇ ನೋಡಬಹುದು. ಪಾತ್ರೆಯ ನೀರಿನಲ್ಲಿ ಅದನ್ನು ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ 110 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್ ಹಿಡಿದು ಕಾಯಿಸಬೇಕು. ಅದರ ಮೇಲೆ ಕೆತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ನೀರು ಕುದಿಯುವುದರೊಳಗೆ ಪೂರ್ತಿ ತೆರೆದು, ಆರಿದಾಗ ಮುಚ್ಚಿಕೊಂಡರೆ ಸರಿಯಿದೆ. ಇಲ್ಲವಾದರೆ ಹೊಸದು ಹಾಕಿಸಬೇಕು. ಇಡೀ ವ್ಯವಸ್ಥೆಯಲ್ಲಿ ಅಗ್ಗದ ಭಾಗಗಳಲ್ಲಿ ಇದೂ ಒಂದು.

ಗಾಳಿಯ ದಾರಿ, ಬೆಲ್ಟು ಮತ್ತು ಪೈಪುಗಳು

ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ಒಕ್ಕಣೆಗೆ ರಸ್ತೆಯನ್ನೇ ಕಣ ಮಾಡಿಕೊಳ್ಳುವ ಪದ್ಧತಿ ದಕ್ಷಿಣ ಜಿಲ್ಲೆಗಳಲ್ಲಿದೆ. ಈ ಪದ್ಧತಿ ಬೇಡವೆಂದು ನಾವು ಎಷ್ಟು ಹೇಳಿದರೂ ನಿಂತಿಲ್ಲ. ಅಂಥ ದಾರಿಯಲ್ಲಿ ಹೋದ ವ್ಯಾನಿನ ರೇಡಿಯೇಟರಿನ ಮುಂದೆ ಹೊಟ್ಟು ಮತ್ತು ಹುಲ್ಲು ಕಂಬಳಿಯಂತೆ ಮೆತ್ತಿಕೊಂಡಿರುತ್ತದೆ. ಮುಂಗಾರಿನಲ್ಲಿ ರೆಕ್ಕೆಹುಳುಗಳ ಕಾಟ. ತಣ್ಣಗಿರುವಾಗ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಮೆಲುವಾದ ನೀರಿನ ಧಾರೆ ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಯನ್ನು ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಮುಂಭಾಗದ ಜಾಲರಿಗೆ ಅಡ್ಡವಾಗಿ ಕಟ್ಟಿದ ಬೋರ್ಡು, ಹೆಚ್ಚುವರಿ ದೀಪ, ಆಯುಧಪೂಜೆಯಲ್ಲಿ ಕಟ್ಟಿ ತಿಂಗಳಾದರೂ ಬಿಚ್ಚದ ಬಾಳೆಕಂದು, ಇವೆಲ್ಲ ಗಾಳಿಗೆ ತಡೆಯೇ.

ಫ್ಯಾನಿನ ಸುತ್ತ ಇರುವ ತಗಡಿನ ಕವಚವನ್ನು ರಿಪೇರಿಯ ವೇಳೆ ತೆಗೆದು ಮತ್ತೆ ಹಾಕದೆ ಬಿಡುವುದು ಸಾಮಾನ್ಯ. ಕವಚವಿಲ್ಲದ ಫ್ಯಾನು ತನ್ನ ಸುತ್ತಲ ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಹಳೆಯ ವ್ಯಾನುಗಳಲ್ಲಿ ನಾನು ಮೊದಲು ನೋಡುವುದು ಈ ಕವಚ ಇದೆಯೇ ಎಂದು. ಫ್ಯಾನನ್ನು ಹಿಂದುಮುಂದಾಗಿ ಜೋಡಿಸಿರುವುದೂ ಉಂಟು.

ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ 10–15 ಮಿಲಿಮೀಟರ್ ಬಾಗಬೇಕು. ಸಡಿಲವಾದರೆ ಜಾರಿ ಪಂಪು ನಿಧಾನವಾಗುತ್ತದೆ. ಅತಿ ಬಿಗಿಯಾದರೆ ಪಂಪಿನ ಬೇರಿಂಗು ಹೋಗುತ್ತದೆ. ವ್ಯಾನಿನಲ್ಲಿ ಸದಾ ಒಂದು ಬದಲಿ ಬೆಲ್ಟು ಇರಲಿ. ಪಂಪಿನ ಕೆಳಗಿರುವ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲು ಹೋಯಿತೆಂದು ಅರ್ಥ. ಆ ರಂಧ್ರವನ್ನು ಮುಚ್ಚಿ ಸೋರಿಕೆ ನಿಲ್ಲಿಸಲು ಪ್ರಯತ್ನಿಸಬಾರದು. ಕೆಳಗಿನ ಹೋಸ್ ಪೈಪು ಎಂಜಿನ್ನು ಜೋರಾಗಿ ಓಡುವಾಗ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗಬಹುದು. ಕೆಲವು ವಾಹನಗಳಲ್ಲಿ ಇದನ್ನು ತಡೆಯಲು ಪೈಪಿನೊಳಗೆ ತಂತಿಯ ಸುರುಳಿ ಇರುತ್ತದೆ. ಪೈಪು ಬದಲಿಸುವಾಗ ಅದನ್ನು ಎಸೆಯದೆ ಹೊಸ ಪೈಪಿಗೂ ಹಾಕಬೇಕು.

ಸುಧಾರಣೆಗಳಲ್ಲಿ ಯಾವುದು ಮೊದಲು

ಹಣ ಖರ್ಚು ಮಾಡುವುದಾದರೆ ಮೊದಲು ಹೆಚ್ಚುವರಿ ನೀರಿನ ಬಾಟಲಿ ಕಟ್ಟಿಸಿ. ಮುಚ್ಚಳದ ಪಕ್ಕದ ಸಣ್ಣ ಕೊಳವೆಯಿಂದ ಒಂದು ರಬ್ಬರು ನಳಿಕೆಯನ್ನು ಪ್ಲಾಸ್ಟಿಕ್ ಬಾಟಲಿಯ ತಳದವರೆಗೆ ಇಳಿಬಿಟ್ಟು, ಬಾಟಲಿಯಲ್ಲಿ ಮೂರನೇ ಒಂದು ಪಾಲು ಕೂಲೆಂಟ್ ಇಡಬೇಕು. ಹಿಗ್ಗಿದ ನೀರು ರಸ್ತೆಗೆ ಬೀಳದೆ ಬಾಟಲಿಗೆ ಬರುತ್ತದೆ. ತಣ್ಣಗಾದಾಗ ರೇಡಿಯೇಟರು ಅದನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೆ ಹಿಂದೆಳೆಯುವ ಸಣ್ಣ ಕವಾಟವೂ, ಕಂಠದ ಮೇಲ್ಭಾಗಕ್ಕೆ ಕೂರುವ ರಬ್ಬರೂ ಇರುವ ಮುಚ್ಚಳವೇ ಬೇಕು. ಮೇಲೆ ಹೇಳಿದ 350 ಮಿಲಿಲೀಟರಿನ ದಿನನಿತ್ಯದ ನಷ್ಟ ಇದರಿಂದ ನಿಲ್ಲುತ್ತದೆ. ಬಾಟಲಿ ಕಟ್ಟಿಸುವವರೆಗೆ ರೇಡಿಯೇಟರಿನಲ್ಲಿ ಕಂಠಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ, ಕೊಳವೆಗಳು ಮುಳುಗಿರುವಂತೆ, ನೀರು ನಿಲ್ಲಿಸಿ.

ಎರಡನೆಯದು ಉಷ್ಣತೆ ತೋರಿಸುವ ಮಾಪಕ. ಹಳೆಯ ವ್ಯಾನುಗಳಲ್ಲಿ ಇದರ ಮುಳ್ಳು ಸತ್ತು ವರ್ಷಗಳೇ ಆಗಿರುತ್ತವೆ. ಹೊಸದು ಹಾಕಿಸಿದ ಮೇಲೂ ಒಂದು ವಿಷಯ ನೆನಪಿಡಬೇಕು: ನೀರೆಲ್ಲ ಸೋರಿಹೋಗಿ ಮಾಪಕದ ತುದಿ ನೀರಿನಲ್ಲಿ ಮುಳುಗಿರದಿದ್ದರೆ ಅದು ಕಡಿಮೆ ಉಷ್ಣತೆ ತೋರಿಸಬಹುದು. ಮುಳ್ಳು ಏರುತ್ತ ಬಂದು ಫಕ್ಕನೆ ಕೆಳಗಿಳಿದರೆ ಸಂತೋಷಪಡದೆ ತಕ್ಷಣ ನಿಲ್ಲಿಸಿ.

ರೇಡಿಯೇಟರಿನ ಕೊಳವೆಗಳು ಕಂಬಿ ಹಾಕಿ ಬಿಡಿಸಿದರೂ ಸರಿಹೋಗದಷ್ಟು ಕಟ್ಟಿದ್ದರೆ ಒಳಗಿನ ಕೋರನ್ನು ಬದಲಾಯಿಸಬೇಕು. ಮೂರು ಸಾಲಿನದರ ಜಾಗದಲ್ಲಿ ನಾಲ್ಕು ಸಾಲಿನದು ಹಾಕಿಸಿದರೆ ತಂಪು ಹೆಚ್ಚುವುದು ಹೌದಾದರೂ, ಕೋರು ದಪ್ಪವಾದಷ್ಟೂ ಗಾಳಿ ನುಗ್ಗುವುದು ಕಷ್ಟ. ಫ್ಯಾನು ಮತ್ತು ಕವಚ ಸರಿಯಿಲ್ಲದೆ ದಪ್ಪ ಕೋರು ಹಾಕಿಸುವುದು ವ್ಯರ್ಥ. ವಿದ್ಯುತ್ ಫ್ಯಾನಿನ ಬಗ್ಗೆ ಬಹಳ ಜನ ಕೇಳುತ್ತಾರೆ. 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುವ ಫ್ಯಾನಿಗೆ 120 ವಾಟ್ ಬೇಕು. ಹಳೆಯ ಡೈನಮೊ ಇರುವ ವ್ಯಾನಿನಲ್ಲಿ ರಾತ್ರಿ ದೀಪ ಹಚ್ಚಿಕೊಂಡು ಘಟ್ಟ ಹತ್ತುವಾಗ ಇದು ಬ್ಯಾಟರಿಯನ್ನು ಬರಿದು ಮಾಡಬಹುದು. ಆಲ್ಟರ್ನೇಟರು ಇದ್ದರೆ, ಮೂಲ ಫ್ಯಾನಿಗೆ ಸಹಾಯವಾಗಿ ಹಾಕಿಸಬಹುದು. ಮೂಲ ಫ್ಯಾನನ್ನೇ ತೆಗೆದು ಇದೊಂದನ್ನೇ ನಂಬುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ದಾರಿಯಲ್ಲಿ ಕುದಿದಾಗ

ಘಟ್ಟ ಹತ್ತುವಾಗ ಮೇಲಿನ ಗೇರಿನಲ್ಲಿ ಎಂಜಿನ್ನು ತಿಣುಕುವಂತೆ ಮಾಡದೆ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಎಂಜಿನ್ನು ಚುರುಕಾಗಿ ತಿರುಗಿದರೆ ಪಂಪೂ ಫ್ಯಾನೂ ಚುರುಕಾಗುತ್ತವೆ. ಏರು ಮುಗಿದ ಕೂಡಲೇ ಎಂಜಿನ್ನು ನಿಲ್ಲಿಸದೆ ಎರಡು ಮೂರು ನಿಮಿಷ ಸುಮ್ಮನೆ ಓಡಲು ಬಿಡಬೇಕು.

ಕುದಿದೇಬಿಟ್ಟಿತೆನ್ನಿ. ನೆರಳಿನಲ್ಲಿ ನಿಲ್ಲಿಸಿ. ನೀರು ಸೋರಿಹೋಗಿದ್ದರೆ ಎಂಜಿನ್ನನ್ನೂ ನಿಲ್ಲಿಸಿ. ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿರುವ ನೂರು ಡಿಗ್ರಿ ಮೀರಿದ ನೀರು ಮುಚ್ಚಳ ಸಡಿಲವಾದ ಕ್ಷಣವೇ ಆವಿಯಾಗಿ ಮುಖ, ಎದೆಗೆ ಹಾರುತ್ತದೆ. ಮೆಟಡೋರಿನಂತೆ ಕ್ಯಾಬಿನ್ನಿನೊಳಗೆ ಎಂಜಿನ್ನಿರುವ ವಾಹನದಲ್ಲಿ ತಪ್ಪಿಸಿಕೊಳ್ಳಲು ಜಾಗವೂ ಇರುವುದಿಲ್ಲ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಪೈಪು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ದಪ್ಪ ಗೋಣಿಚೀಲ ಮಡಚಿ ಹೊದಿಸಿ, ಮುಖ ಬದಿಗೆ ತಿರುಗಿಸಿ, ಮೊದಲ ಹಂತದವರೆಗೆ ಮಾತ್ರ ತಿರುವಿ ಉಸಿರು ಬಿಡಿಸಬೇಕು. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ಡು ಸೀಳಬಹುದು. ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ.

ಯಾರಿಗಾದರೂ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಬೇಕು. ಶಾಯಿ, ತುಪ್ಪ, ಟೂತ್‌ಪೇಸ್ಟು ಬಳಿಯಬಾರದು.

ನೀರು ತುಂಬಿ ಎಂಜಿನ್ನು ಓಡಿಸಿದಾಗ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಮಾಲನ್ನು ಬೇರೆ ವಾಹನಕ್ಕೆ ಸಾಗಿಸಿ, ವ್ಯಾನನ್ನು ಎಳೆಸಿಕೊಂಡು ಹೋಗುವುದೇ ಸರಿ. ಹೇಗಾದರೂ ಮಾರುಕಟ್ಟೆ ಮುಟ್ಟಿಸೋಣವೆಂದು ಓಡಿಸಿದರೆ ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯುತ್ತಿದ್ದುದು ಹೆಡ್ಡಿನ ಖರ್ಚಾಗುತ್ತದೆ.

ಬಸಿದ ಕೂಲೆಂಟಿನ ವಿಷಯದಲ್ಲಿ ದನ ಸಾಕುವ ಮನೆಯವರು ವಿಶೇಷ ಎಚ್ಚರ ವಹಿಸಬೇಕು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ಅಂಗಳದಲ್ಲಿ ಬಸಿದು ಬಿಟ್ಟರೆ ನಾಯಿ, ಕರು, ಕೆಲವೊಮ್ಮೆ ಮಕ್ಕಳು ಕೂಡ ಬಾಯಿ ಹಾಕುತ್ತಾರೆ. ನಾಯಿಗಾದರೆ ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಬಾವಿ, ಕೆರೆ, ದನದ ತೊಟ್ಟಿಯ ಹತ್ತಿರ ಸುರಿಯದೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಮೇಲೆ ವಿಷವೆಂದು ಬರೆದು, ಹಳೆಯ ಎಂಜಿನ್ ಆಯಿಲ್ ಒಟ್ಟುಮಾಡುವ ವರ್ಕ್‌ಶಾಪಿನಲ್ಲಿ ಕೂಲೆಂಟನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಕೊಡಬೇಕು. ಆಯಿಲ್ ಮತ್ತು ಕೂಲೆಂಟನ್ನು ಒಂದೇ ಕ್ಯಾನಿನಲ್ಲಿ ಬೆರೆಸಬಾರದು. ಪ್ರಾಣಿ ಕುಡಿದದ್ದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯದೆ ಅದೇ ಗಳಿಗೆ ಪಶುವೈದ್ಯರಲ್ಲಿಗೆ ಒಯ್ದು, ಕುಡಿದದ್ದು ಕೂಲೆಂಟ್ ಎಂದು ಸ್ಪಷ್ಟವಾಗಿ ತಿಳಿಸಬೇಕು. ಮಗುವಾದರೆ ನೇರ ಆಸ್ಪತ್ರೆಗೆ ಹೋಗಬೇಕು, ಕೂಲೆಂಟಿನ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.